ಭಂಡಾರದ ಮೇಲೆ ಬಂದ ಅಪವಾದ

ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳ, ಹಳ್ಳದ ಸೇತುವೆ ದಾಟಿದ ಕೂಡಲೇ ಒಂದು ಏರು. ಏರೆಂದರೆ ಗುಡ್ಡವೇನಲ್ಲ, ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಆರಾಮಾಗಿ ಏರಿ ಹೋಗುತ್ತವೆ. ಡಾಕ್ಟರ್ ಮಹಾನಂದಾಳ ಒಂದೂವರೆ ತಿಂಗಳ ಹೊಸ ಬಿಳಿ ಕಾರು ಮಾತ್ರ ಆ ಏರಿನ ನಟ್ಟನಡುವೆ ಮೂರನೆಯ ಸಲ ನಿಂತಿತು.

ಎಂಜಿನ್ ಓಡುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಗುರ್ರೆನ್ನುತ್ತಿತ್ತು. ಆದರೆ ಗಾಡಿ ಮುಂದೆ ಹೋಗುವುದು ಬಿಟ್ಟು ಹಿಂದಕ್ಕೆ ಜಾರತೊಡಗಿತು. ಗೇರಿನ ಹಿಡಿಕೆ ಮುಂದೆ ಹೋಗುವ ಜಾಗದಲ್ಲೇ ಇದ್ದರೂ ಎದುರಿನ ಪರದೆಯಲ್ಲಿ ನ್ಯೂಟ್ರಲ್ಲಿನ ಗುರುತು ಮಿಣಮಿಣ ಅನ್ನುತ್ತಿತ್ತು. ಮಹಾನಂದಾ ಬ್ರೇಕ್ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು ಕೂತಳು. ಹಿಂದಿನ ಸೀಟಿನಲ್ಲಿ ಐಸಿನ ಡಬ್ಬಿ, ಅದರಲ್ಲಿ ಇನ್ನೂರು ಕುರಿಗಳಿಗಾಗುವಷ್ಟು ಲಸಿಕೆ. ಹಿಂದೆ ನಿಂತ ಟ್ರ್ಯಾಕ್ಟರಿನವನು ಇಳಿದು ಬಂದು ಕಿಟಕಿಯಲ್ಲಿ ಬಗ್ಗಿದ.

"ಯಾಕ್ರಿ ಬಾಯಾರ, ಹೊಸಾ ಗಾಡಿ ಇದ್ದಂಗೈತಿ?"

"ಹೊಸಾದೇ ಐತಪ್ಪ. ಅದಕ್ಕ ಇನ್ನೂ ನಡಿಯಾಕ ಬರವಲ್ದು," ಎಂದಳು ಮಹಾನಂದಾ.

ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಅವಳ ಎಡಗಾಲು ಸೊರಗಿತ್ತು. ಬೀದರಿಗೆ ಹೋಗಿ ಪಶುವೈದ್ಯೆಯಾಗಿ ಬಂದರೂ ಕಾಲು ಮಾತ್ರ ಹಳೆಯದೇ. ಕ್ಲಚ್ ತುಳಿಯುವ ಶಕ್ತಿ ಅದಕ್ಕಿಲ್ಲ. ಹೀಗಾಗಿ ಹನ್ನೆರಡು ವರ್ಷ ಆಕೆ ಬೇರೆಯವರ ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕೂತೇ ನೌಕರಿ ಮಾಡಿದ್ದಳು. ಕನಮಡಿಯಲ್ಲಿ ಕುರಿ ಸಾಯುತ್ತಿದ್ದರೆ ತಮ್ಮ ಯಲ್ಲಾಲಿಂಗ ಹೊಲದಿಂದ ಬರುವ ತನಕ ಕಾಯಬೇಕು. ಅವನಿಗೆ ಪುರುಸೊತ್ತಿಲ್ಲದಿದ್ದರೆ ಆಸ್ಪತ್ರೆಯ ಜವಾನನ ಕೈಕಾಲು ಹಿಡಿಯಬೇಕು. ಕ್ಲಚ್ಚಿಲ್ಲದೆ ತಾನೇ ಗೇರು ಬದಲಿಸಿಕೊಳ್ಳುವ ಈ ಕಾರು ಬಂದ ದಿನ, ಜೀವನದಲ್ಲಿ ಮೊದಲ ಸಲ, ಯಾರಿಗೂ ಹೇಳದೆ ಕೇಳದೆ ಒಬ್ಬಳೇ ಊರ ಹೊರಗೆ ಹೋಗಿ ಒಂದು ಬೇವಿನ ಮರದ ಕೆಳಗೆ ಸುಮ್ಮನೆ ಹತ್ತು ನಿಮಿಷ ಕೂತು ಬಂದಿದ್ದಳು. ಕೆಲಸವೇನೂ ಇರಲಿಲ್ಲ. ಹೋಗಬಹುದು ಎಂದು ಹೋಗಿದ್ದಳು, ಅಷ್ಟೇ.

ಆ ಹತ್ತು ನಿಮಿಷವನ್ನು ಈಗ ಈ ಗೇರು ಕಸಿದುಕೊಳ್ಳುತ್ತಿತ್ತು. ಅದನ್ನು ಆಕೆ ಬಿಡುವವಳಲ್ಲ.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಕಾರು ಮಾರಿದವರ ಶೋರೂಮು. ಗಾಜಿನ ಗೋಡೆ, ಮೆತ್ತನೆಯ ಸೋಫಾ, ಹೋದವರಿಗೆಲ್ಲ ಚಹಾ. ಮೊದಲನೆಯ ಸಲ ಹೋದಾಗ ಕಂಪ್ಯೂಟರ್ ಹಚ್ಚಿ ನೋಡಿ, ದೋಷವೇ ಇಲ್ಲ ಎಂದರು. ಎರಡನೆಯ ಸಲ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, "ಮೇಡಂ, ನೀವು ಬ್ರೇಕಿನ ಮ್ಯಾಲ ಕಾಲ ಇಟಗೊಂಡs ಓಡಸ್ತೀರೇನೋ" ಎಂದರು. ಕಾಲಿನ ಮಾತು ಬಂದ ಕೂಡಲೇ ಅಲ್ಲಿದ್ದವರೆಲ್ಲ ಅವಳ ಎಡಗಾಲಿನ ಕಡೆ ನೋಡಿದರು. ಸರ್ವೀಸ್ ಮ್ಯಾನೇಜರ್ ದೇವಾನಂದ ದೀಪಾವಳಿಯಾದ ಮೇಲೆ ಸೊಲ್ಲಾಪುರದಿಂದ ಹೊಸದಾಗಿ ಬಂದವನು. ಮಾತು ಬೆಣ್ಣೆ, ಅರ್ಥ ಅಡ್ಡಗೋಡೆಯ ಮೇಲಿನ ದೀಪ. ನೋಡೋಣ ಎನ್ನುತ್ತಿದ್ದ, ಮಾಡೋಣ ಎನ್ನುತ್ತಿದ್ದ, ಯಾವಾಗ ಎಂದು ಕೇಳಿದರೆ ಇನ್ನೊಂದು ಚಹಾ ಹೇಳುತ್ತಿದ್ದ. ಎರಡು ಭೇಟಿಗೆ ಮಹಾನಂದಾ ಆರು ಕಪ್ ಚಹಾ ಕುಡಿದಿದ್ದಳು. ಗೇರು ಮಾತ್ರ ಇದ್ದ ಹಾಗೇ ಇತ್ತು.

ಮೂರನೆಯ ಸಲ ಗಾಡಿಯನ್ನು ಎಳೆಸಿಕೊಂಡೇ ಹೋಗಿ ಬಿಟ್ಟು ಬಂದಳು. ಮರುದಿನ ಮಧ್ಯಾಹ್ನ ಅವಳು ತಿಕೋಟಾದ ಮನೆಯಲ್ಲಿ ಊಟಕ್ಕೆ ಕೂತಾಗ ದೇವಾನಂದನ ಫೋನು ಬಂತು. ಕೈ ಎಂಜಲಾದದ್ದರಿಂದ ಸ್ಪೀಕರಿಗೆ ಹಾಕಿದಳು.

"ಮೇಡಂ, ಕಾರಣ ಸಿಕ್ಕೈತ್ರಿ. ಗೇರಿನ ಹಿಡಿಕಿ ಕೆಳಗ ಬರೇ ಹಳದಿ ಪುಡಿ ತುಂಬೇತಿ. ಫೋಟೋ ಕಳಿಸೇನಿ ನೋಡ್ರಿ. ಅದು ಒಳಗ ಇಳದು ಯಂತ್ರಕ್ಕ ಹೋಗೇತಿ. ಹೊರಗಿನ ಪುಡಿ ಹೋದ್ರ ವಾರಂಟಿ ನಡಿಯೂದಿಲ್ರಿ. ಗೇರಿಂದು ಪೂರಾ ಸೆಟ್ ಹೊಸಾದು ಹಾಕಬೇಕು, ಖರ್ಚು ನಿಮ್ಮದs."

ಬಡಿಸುತ್ತಿದ್ದ ತಾಯಿ ರಾಚವ್ವನ ಕೈ ರೊಟ್ಟಿಯ ಮೇಲೆಯೇ ನಿಂತಿತು.

ಆ ಹಳದಿ ಪುಡಿ ರಾಚವ್ವನದು. ದೀಪಾವಳಿ ಅಮಾವಾಸ್ಯೆಗೆ ಹುಲಜಂತಿಗೆ ಹೋಗಿ ಕುರುಬರ ದೇವರು ಮಾಳಿಂಗರಾಯನ ಅರಿಶಿನದ ಭಂಡಾರ ತಂದಿದ್ದಳು. ಮರುದಿನ ಪಾಡ್ಯಕ್ಕೆ ಕಾರು ಕೈಗೆ ಸಿಕ್ಕಿತು. ಶೋರೂಮಿನ ಹುಡುಗಿ ಕುಂಕುಮದ ತಟ್ಟೆ ತಂದರೆ ರಾಚವ್ವ, "ನಮ್ಮನ್ಯಾಗ ಕುಂಕುಮ ನಡಿಯೂದಿಲ್ಲ ತಂಗಿ, ನಮಗ ಎಲ್ಲಾದಕ್ಕೂ ಭಂಡಾರs" ಎಂದು ತಟ್ಟೆ ಸರಿಸಿದ್ದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ದೇವರ ಹೆಸರು ಹೇಳಿ, ಮುಷ್ಟಿ ತುಂಬ ಹಾರಿಸಿದ್ದಳು. ಕುರಿ ಹಟ್ಟಿಗೆ ಹಾರಿಸುವ ಹಾಗೆ ಕಾರಿಗೂ ಹಾರಿಸಿದಳು. ಬಾನೆಟ್ಟಿಗೆ, ಸೀಟಿಗೆ, ಗೇರಿನ ಹಿಡಿಕೆಗೆ, ಮಗಳ ತಲೆಗೆ. ಎಡಗಾಲು ಸೊರಗಿದ ಮಗಳು ಊರೂರು ಒಬ್ಬಳೇ ತಿರುಗುತ್ತಾಳೆ, ದೇವರು ಜೊತೆಗಿರಲಿ ಎಂದು. ಅಂಥ ಪುಡಿಯೇ ಮಗಳ ದಾರಿಗೆ ಅಡ್ಡ ಬಂದಿತೆಂದು ಈಗ ಫೋನಿನೊಳಗಿನ ದೊಡ್ಡ ಮನುಷ್ಯ ಹೇಳುತ್ತಿದ್ದ.

"ನನ್ನ ಕೈಯಾರೆ ನಿನ್ನ ಗಾಡಿ ಕೆಡಿಸಿದ್ನೇನವ್ವ," ಎಂದಳು ರಾಚವ್ವ. ಅಷ್ಟೇ ಅಂದವಳು ಎದ್ದು ಹೋದಳು.

ಸಂಜೆ ಯಲ್ಲಾಲಿಂಗ ಬಂದ. ಒಳ್ಳೆಯವನೇ, ಆದರೆ ಸಮಾಧಾನ ಹೇಳಲು ಹೋಗಿ ಗಾಯದ ಮೇಲೆ ಉಪ್ಪು ಹಾಕುವ ಜಾತಿ. "ಹೋಗ್ಲಿ ಬಿಡಕ್ಕ. ಮೊದಲಿನಂಗ ನಾನs ಗಾಡಿ ಮ್ಯಾಲ ಬಿಟ್ಟು ಬರ್ತೇನಿ" ಎಂದ. ಮರುದಿನ ಬೆಳಿಗ್ಗೆ ತಾಯಿ ಚಹಾ ತಂದಿಟ್ಟಾಗ ಮಹಾನಂದಾ ಅವಳ ಮುಖ ನೋಡಿದಳು. ನಲವತ್ತು ವರ್ಷದಲ್ಲಿ ಒಂದು ದಿನವೂ ತಪ್ಪದ ಭಂಡಾರ ರಾಚವ್ವನ ಹಣೆಯ ಮೇಲೆ ಇರಲಿಲ್ಲ. ದೇವರ ಗೂಟಕ್ಕೆ ತೂಗುಹಾಕಿದ್ದ ಭಂಡಾರದ ಚೀಲವೂ ಅಲ್ಲಿರಲಿಲ್ಲ. ಜೋಳದ ಚೀಲದ ಹಿಂದೆ ಸೇರಿತ್ತು.

ಅಲ್ಲಿಯ ತನಕ ಮಹಾನಂದಾಳಿಗೆ ಸಿಟ್ಟಿತ್ತು. ಈಗ ಹಟ ಬಂತು. ಕಾರು ಕೆಟ್ಟರೆ ಕೆಡಲಿ, ತಾಯಿಯ ಹಣೆ ಬರಿದಾಗಬೇಕೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ಆಕೆ ಬಹಳ ನೋಡಿದ್ದಳು. ಅದು ಅವಳ ದಿನದ ಕೆಲಸ. ಹಿಂದಿನ ಬೇಸಿಗೆಯಲ್ಲಿ ಕನಮಡಿಯಲ್ಲಿ ವಿಮೆ ಮಾಡಿಸಿದ ಹದಿನಾಲ್ಕು ಕುರಿ ಸತ್ತಾಗ, ವಿಮೆಯವನು ಬಂದು ಒಂದು ಕುರಿಯ ಬಾಯಲ್ಲಿದ್ದ ಹಸಿ ಜೋಳದ ಎಲೆ ತೋರಿಸಿ, ವಿಷದ ಮೇವು ತಿನ್ನಿಸಿದ್ದೀರಿ, ದುಡ್ಡಿಲ್ಲ ಎಂದಿದ್ದ. "ಬಾಯಾಗ ಇದ್ದದ್ದು ಹೊಟ್ಯಾಗ ಹೋಗೇತೋ ಇಲ್ಲೋ ನೋಡೂ ತನಕಾ ನಾ ಸಹಿ ಮಾಡೂದಿಲ್ರಿ" ಎಂದು ಮಹಾನಂದಾ ಅಲ್ಲೇ ಐದು ಮಂದಿಯ ಎದುರು ಹೊಟ್ಟೆ ಕೊಯ್ದು ನೋಡಿದಳು. ಹೊಟ್ಟೆಯಲ್ಲಿ ಎಲೆ ಇರಲಿಲ್ಲ. ಕರುಳಿನಲ್ಲಿ ಬೇನೆ ಇತ್ತು.

"ಯವ್ವಾ, ಸೀರಿ ಉಟಗೋ. ಬುತ್ತಿ ಕಟ್ಟಗೋ. ಶೋರೂಮಿಗೆ ಹೋಗೂಣು," ಎಂದಳು.

"ನಾ ಬರೂದಿಲ್ಲ. ಯಾವ ಮುಖಾ ಇಟಗೊಂಡು ಬರ್ಲಿ?"

"ನಿನ್ನ ಮ್ಯಾಲ ಅಪವಾದ ಬಂದೈತಿ. ಆಪಾದನಿ ಹೊತ್ತವರು ಮುಂದ ಇರಬೇಕು. ನಡಿ."

ತಾಯಿ ಮಗಳು ಬಸ್ಸು ಹಿಡಿದು ವಿಜಯಪುರಕ್ಕೆ ಬಂದಾಗ ಹನ್ನೊಂದು ಗಂಟೆ. ಶೋರೂಮಿನಲ್ಲಿ ಹೊಸ ಕಾರೊಂದಕ್ಕೆ ರಿಬ್ಬನ್ನು ಕಟ್ಟಿ ನಿಲ್ಲಿಸಿದ್ದರು. ಗಾಂಧಿ ಚೌಕದಲ್ಲಿ ಬಟ್ಟೆ ಅಂಗಡಿ ಇರುವ ಆರಿಫ ಎಂಬುವವನು ಹೆಂಡತಿ ಸಾನಿಯಾಳ ಜೊತೆ ಅದನ್ನು ಒಯ್ಯಲು ಬಂದು ಕೂತಿದ್ದ. ದೇವಾನಂದ ಮಹಾನಂದಾಳನ್ನು ಕಂಡವನೇ ಚಹಾಕ್ಕೆ ಕೈ ಎತ್ತಿದ.

"ಚಹಾ ಬ್ಯಾಡ್ರಿ. ಗೇರಿನ ಯಂತ್ರ ನನ್ನ ಮುಂದ ಬಿಚ್ಚಸ್ರಿ."

"ಮೇಡಂ, ಬಿಚ್ಚೂದು ಯಾಕ್ರಿ? ಮ್ಯಾಲೇ ಪುಡಿ ಕಾಣಸ್ತೈತಲ್ರಿ."

"ಬಾಯಾಗ ಕಂಡದ್ದು ಹೊಟ್ಯಾಗ ಐತೇನು ನೋಡೂಣು."

"ಬಿಚ್ಚೂದಕ್ಕೂ ಖರ್ಚು ಬರತೈತ್ರಿ."

"ಅದನ್ನೂ ಬರದು ತಂದೇನಿ," ಎಂದು ಮಹಾನಂದಾ ಚೀಲದಿಂದ ಒಂದು ಹಾಳೆ ತೆಗೆದಳು. ಗೇರಿನ ಯಂತ್ರದ ಒಳಗೆ ಹಳದಿ ಪುಡಿ ಸಿಕ್ಕರೆ ಎಲ್ಲ ಖರ್ಚು ಕಾರಿನ ಒಡತಿಯದು. ಸಿಗದಿದ್ದರೆ, ಒಳಗೆ ಏನು ದೋಷ ಕಂಡರೂ ಅದರ ಹೊಣೆ ಶೋರೂಮಿನದು. ಎರಡೇ ಸಾಲು. ಕೆಳಗೆ ಅವಳ ಸಹಿ ಆಗಿತ್ತು.

ದೇವಾನಂದ ಹಾಳೆಯನ್ನು ಎರಡು ಸಲ ಓದಿದ. ಆರಿಫ ಪೇಪರು ಮಡಚಿಟ್ಟು ಈ ಕಡೆಯೇ ನೋಡುತ್ತಿದ್ದ. ಇಷ್ಟು ಜನರೆದುರು ಹಿಂದೆ ಸರಿದರೆ ಮರ್ಯಾದೆ ಏನುಳಿಯುತ್ತದೆ? ಅದೂ ಅಲ್ಲದೆ ಆ ಪುಡಿಯೇ ಕಾರಣವೆಂದು ಅವನು ನಿಜವಾಗಿ ನಂಬಿದ್ದ. ಸಹಿ ಹಾಕಿ, "ಬುಡ್ಡೇಸಾಬರನ್ನ ಕರೀರಿ" ಎಂದ.

ಬುಡ್ಡೇಸಾಬ ಹಿಂದಿನ ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ. ಅರವತ್ತರ ಹತ್ತಿರದ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ. ಮಹಾನಂದಾ ದೂರು ತಂದ ಮೇಲೆ ಕಾರು ಅವನ ಕೈಗೆ ಬಂದದ್ದು ಇದೇ ಮೊದಲು; ಇಷ್ಟು ದಿನ ನೋಡಿದವರು ಕಂಪ್ಯೂಟರಿನ ಹುಡುಗರು. ಅವನು ಮೊದಲು ಒಳಗಿನ ಹಿಡಿಕೆಯ ಹೊದಿಕೆ ಎತ್ತಿ, ಪುಡಿಯನ್ನು ಬೆರಳಿಂದ ಮುಟ್ಟಿ ನೋಡಿದ.

"ಇದು ಬರೇ ಗುಂಡಿ ಇದ್ದಂಗ್ರಿ ಬಾಯಾರ. ಇಲ್ಲಿಂದ ವೈರ್ ಹೋಗತೈತಿ, ಅಷ್ಟs. ಗೇರ್ ಹಾಕೂ ಮೋಟರ್ ಅಲ್ಲಿ ಬಾನೆಟ್ಟಿನ ಕೆಳಗ ಐತಿ. ಪುಡಿ ಏನು ವೈರಿನಾಗ ನಡಕೊಂತ ಹೋಗತೈತೇನ್ರಿ?"

"ಬಿಚ್ಚೂ ಕೆಲಸಾ ಮಾಡ್ರಿ," ಎಂದ ದೇವಾನಂದ.

ಬುಡ್ಡೇಸಾಬ ಬಾನೆಟ್ ಎತ್ತಿ ಬ್ಯಾಟರಿ ತೆಗೆದ, ಗಾಳಿ ಸೋಸುವ ಡಬ್ಬಿ ತೆಗೆದ, ಕೊಳವೆಗಳನ್ನು ಬಿಡಿಸಿದ. ಅವಸರವಿಲ್ಲದ ಕೈ. ಮಹಾನಂದಾ ಒಂದು ಹಳೆಯ ಟೈರಿನ ಮೇಲೆ ಕೂತು ಒಂದೊಂದು ಬೋಲ್ಟನ್ನೂ ಲೆಕ್ಕ ಹಿಡಿದು ನೋಡಿದಳು. ರಾಚವ್ವ ದೂರ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ದೇವರನ್ನು ಕರೆಯುತ್ತಿದ್ದಳೋ ಕ್ಷಮೆ ಬೇಡುತ್ತಿದ್ದಳೋ ಮಗಳಿಗೆ ತಿಳಿಯಲಿಲ್ಲ. ಒಂದು ಕ್ಷಣ ಮಹಾನಂದಾಳಿಗೂ ಹೆದರಿಕೆಯಾಯಿತು. ಒಳಗೆ ಒಂದೇ ಒಂದು ಚಿಟಿಕೆ ಹಳದಿ ಕಂಡರೂ ಈ ಮುದುಕಿ ಇನ್ನು ಜೀವಮಾನದಲ್ಲಿ ಹಣೆಗೆ ಭಂಡಾರ ಹಚ್ಚುವುದಿಲ್ಲ.

ಮೋಟರಿನ ಮೇಲಿನ ಮುಚ್ಚಳಕ್ಕೆ ನಾಲ್ಕು ಬೋಲ್ಟು. ನಾಲ್ಕನೆಯದು ಬಿಚ್ಚಿ ಬುಡ್ಡೇಸಾಬ ಮುಚ್ಚಳ ಎತ್ತಿ, ಟಾರ್ಚು ಹಾಕಿ ಒಳಗೆ ನೋಡಿದ. ನೋಡಿದವನು ಹಾಗೆಯೇ ಬಗ್ಗಿ ನಿಂತ.

"ಏನೈತಿ?" ಎಂದ ದೇವಾನಂದ.

ಬುಡ್ಡೇಸಾಬ ಪಕ್ಕಕ್ಕೆ ಸರಿದು ಬೆಳಕು ಹಿಡಿದ. ಹಳದಿಯ ಸುಳಿವೂ ಇರಲಿಲ್ಲ. ಇದ್ದದ್ದು ಕೆಂಪು. ಮೋಟರಿನ ಎದೆಯ ಮೇಲೆ ಹೆಬ್ಬೆರಳಿನಿಂದ ಒತ್ತಿದ ಒಂದು ಕುಂಕುಮದ ಬೊಟ್ಟು. ಅದರಲ್ಲಿ ಅಂಟಿಕೊಂಡು ಒಣಗಿದ ಎರಡು ಅಕ್ಕಿಕಾಳು.

ರಾಚವ್ವ ಗೋಡೆ ಬಿಟ್ಟು ಬಂದಳು. ಬಗ್ಗಿ, ಚೆನ್ನಾಗಿ ನೋಡಿ, ನೆಟ್ಟಗೆ ನಿಂತಳು.

"ಇದು ನಮ್ಮದಲ್ಲ," ಎಂದಳು.

"ಫ್ಯಾಕ್ಟರಿಯಾಗ ಪೂಜಿ ಮಾಡಿರಬೇಕ್ರಿ," ಎಂದ ದೇವಾನಂದ. ದನಿಯಲ್ಲಿ ಬೆಣ್ಣೆ ಕರಗಿ ಹೋಗಿತ್ತು.

"ಫ್ಯಾಕ್ಟರಿಯವರು ಮುಚ್ಚಳದ ಒಳಗ ಅಕ್ಕಿಕಾಳು ಹಚ್ಚಿ ಕಳಸ್ತಾರೇನ್ರಿ?" ಎಂದು ಮಹಾನಂದಾ ಅವನನ್ನು ಬಿಟ್ಟು ಮೇಸ್ತ್ರಿಯ ಕಡೆ ತಿರುಗಿದಳು. "ಚಾಚಾ, ನೀವು ಹೇಳ್ರಿ. ಇದು ಯಾರ ಬೆರಳು?"

ಬುಡ್ಡೇಸಾಬ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ದೇವಾನಂದ ಅವನನ್ನೇ ದಿಟ್ಟಿಸುತ್ತಿದ್ದ. ಹೇಳಿದರೆ ನೌಕರಿಗೆ ಕುತ್ತು ಎಂದು ಆ ನೋಟದಲ್ಲಿ ಬರೆದಿತ್ತು. ಮೇಸ್ತ್ರಿ ಒಮ್ಮೆ ರಾಚವ್ವನ ಬರಿ ಹಣೆಯ ಕಡೆ ನೋಡಿ ಕನ್ನಡಕ ಹಾಕಿಕೊಂಡ.

"ನಮ್ಮ ವರ್ಕ್‌ಶಾಪಿನ ಶಾಂತಪ್ಪಂದು," ಎಂದ. "ದಸರಾದಾಗ ಖಂಡೇನವಮಿ ದಿನಾ ಹಚ್ಚಿದ್ದು. ಅದರ ಮುಂಚೆ ಲಾರಿಯಿಂದ ಇಳಸೂ ಮುಂದ ಒಂದು ಬಿಳಿ ಗಾಡಿ ಹಲಗಿ ಮ್ಯಾಲಿಂದ ಜಾರಿ ಕೆಳಗ ಬಡದಿತ್ತು. ಅದರ ಗೇರಿನ ಮೋಟರ್ ನಾನs ಬಿಚ್ಚಿ ರಿಪೇರಿ ಮಾಡಾಕತ್ತಿದ್ದೆ. ಪೂಜಿ ಹೊತ್ತಾತಂತ ಶಾಂತಪ್ಪ ತಟ್ಟಿ ತಗೊಂಡು ಬಂದು, ಪಾನಾ ಇಕ್ಕಳಕ್ಕೆಲ್ಲಾ ಹಚ್ಚಿ, ಬಿಚ್ಚಿಟ್ಟ ಮೋಟರಿಗೂ ಒಂದು ಬೊಟ್ಟು ಇಟ್ಟಾ. ದೇವರ ಬೊಟ್ಟು ಅಂತ ನಾ ಒರಸ್ಲಿಲ್ಲ. ಆ ಗಾಡಿ ಕಂಪನಿಗೆ ವಾಪಸ್ ಹೋಗತೈತಿ ಅಂದಿದ್ರು. ಹೊಸಾದಂತ ಇಲ್ಲೇ ಮಾರ್ಯಾರ ಅಂತ ಅಲ್ಲಾನ ಆಣಿ, ನನಗ ಗೊತ್ತಿಲ್ಲ."

ದೇವಾನಂದನ ಮುಖ ಬಿಳಿಚಿತು. ಅವನಿಗೂ ಗೊತ್ತಿರಲಿಲ್ಲವೆಂದು ಮಹಾನಂದಾಳಿಗೆ ಅನ್ನಿಸಿತು. ಆದರೆ ಗೊತ್ತಿಲ್ಲದೆಯೇ ಒಬ್ಬ ಮುದುಕಿಯ ದೇವರ ಮೇಲೆ ತಪ್ಪು ಹೊರಿಸಿದವನ ಮೇಲೆ ಅವಳಿಗೆ ಕನಿಕರ ಹುಟ್ಟಲಿಲ್ಲ.

ಚೀಲದಿಂದ ತನ್ನ ಮರಣೋತ್ತರ ಪರೀಕ್ಷೆಯ ಫಾರ್ಮಿನ ಪುಸ್ತಕ ತೆಗೆದಳು. ಸತ್ತ ಕುರಿಗೆ ಬರೆಯುವಂಥದ್ದು. ಸರಕಾರಿ ಹಾಳೆ ಹಾಳು ಮಾಡಬಾರದೆಂದು ಅದರ ಹಿಂದೆ ಇಟ್ಟಿದ್ದ ಬಿಳಿ ಹಾಳೆಯಲ್ಲಿ, ಅದೇ ಕ್ರಮದಲ್ಲಿ ಬರೆದಳು. ಪ್ರಾಣಿ: ಕಾರು. ವಯಸ್ಸು: ಮಾರಿದಂದಿನಿಂದ ಒಂದೂವರೆ ತಿಂಗಳು. ಹೊರಗೆ ಕಂಡದ್ದು: ಬಾಯಲ್ಲಿ ಭಂಡಾರ. ಒಳಗೆ ಕಂಡದ್ದು: ಭಂಡಾರವಿಲ್ಲ, ಹಿಂದೆ ಬಿಚ್ಚಿ ಕೂಡಿಸಿದ ಗುರುತು, ಕುಂಕುಮ, ಅಕ್ಕಿಕಾಳು. ಕಾರಣ: ಮಾರುವ ಮೊದಲೇ ಬಿದ್ದ ಪೆಟ್ಟು. ಬುಡ್ಡೇಸಾಬ ಎಣ್ಣೆಗೈ ಒರೆಸಿಕೊಂಡು ತಾನಾಗಿಯೇ ಬಂದು ಸಹಿ ಹಾಕಿದ. ಮಹಾನಂದಾ ಬೊಟ್ಟಿನ ಫೋಟೋ ತೆಗೆದುಕೊಂಡಳು.

"ಹೊಸಾ ಮೋಟರ್ ಹಾಕಿ ಕೊಡ್ತೇವ್ರಿ ಮೇಡಂ, ಪುಕ್ಕಟೆ," ಎಂದ ದೇವಾನಂದ.

"ಮೋಟರ್ ಬ್ಯಾಡ. ಬಿದ್ದ ಗಾಡಿನ ಹೊಸಾದಂತ ಕೊಟ್ಟೀರಿ. ನನಗ ಬೀಳದ ಗಾಡಿ ಬೇಕು. ಮಾಲಕರಿಗೆ ಫೋನ್ ಹಚ್ಚರಿ. ಅವರು ಬರೂ ತನಕಾ ನಾವು ಇಲ್ಲೇ ಇರ್ತೇವಿ. ಬರದಿದ್ರ ಈ ಹಾಳಿ ನಾಳೆ ಗ್ರಾಹಕರ ಕೋರ್ಟಿಗೆ ಹೋಗತೈತಿ."

ತಾಯಿಯನ್ನು ಕರೆದುಕೊಂಡು ಹೋಗಿ ಶೋರೂಮಿನ ಸೋಫಾದ ಮೇಲೆ ಕೂತಳು. ರಾಚವ್ವ ಬುತ್ತಿ ಬಿಚ್ಚಿದಳು. ಕಟಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ಗಾಜಿನ ಗೋಡೆಯೊಳಗೆ ರೊಟ್ಟಿ ಮುರಿಯುವ ಸಪ್ಪಳ ಚೆನ್ನಾಗಿ ಕೇಳುತ್ತಿತ್ತು. ಸಾನಿಯಾ ಎದ್ದು ಬಂದು ಏನಾಯಿತೆಂದು ಕೇಳಿದಳು. ರಾಚವ್ವ ಅವಳ ಕೈಗೂ ಒಂದು ರೊಟ್ಟಿ ಕೊಟ್ಟು ಎಲ್ಲ ಹೇಳಿದಳು. ಸಾನಿಯಾ ಗಂಡನಿಗೆ ಹೇಳಿದಳು. ಆರಿಫ ಎದ್ದು, ರಿಬ್ಬನ್ನು ಕಟ್ಟಿದ ತನ್ನ ಕಾರನ್ನು ಒಂದು ಸುತ್ತು ಹಾಕಿ ದೇವಾನಂದನ ಮುಂದೆ ಬಂದು ನಿಂತ.

"ಸಾಹೇಬ್ರ, ನಮ್ಮದೂ ಒಮ್ಮೆ ಬಿಚ್ಚಿ ತೋರಿಸಿಬಿಡ್ರಿ. ಆಮ್ಯಾಲ ಒಯ್ತೇವಿ."

ಅರ್ಧ ತಾಸಿನಲ್ಲಿ ಮಾಲಕ ಬಂದ. ಕುಂಬಳಕಾಯಿ ಕಳ್ಳನ ಹಾಗೆ ಯಾರೂ ಏನೂ ಕೇಳುವ ಮುಂಚೆಯೇ, ಲಾರಿಯವರ ತಪ್ಪು, ಹಳೆಯ ಮ್ಯಾನೇಜರನ ತಪ್ಪು ಎಂದು ಶುರು ಮಾಡಿದ. ಮಹಾನಂದಾ ಕೈ ತೊಳೆದುಕೊಂಡು ಬಂದು ಇನ್ನೊಂದು ಹಾಳೆ ಮುಂದಿಟ್ಟಳು. ಎಂಟು ದಿನದೊಳಗೆ ಬೇರೆ ಕಾರು. ಒಯ್ಯುವ ಮೊದಲು ಬುಡ್ಡೇಸಾಬನೇ ಪರೀಕ್ಷೆ ಮಾಡಿ ಸಹಿ ಹಾಕಬೇಕು. ನಿಜ ಹೇಳಿದ್ದಕ್ಕೆ ಅವನ ನೌಕರಿಗೆ ಕೈ ಹಚ್ಚಬಾರದು. ಮಾಲಕ ಮೂರನೆಯ ಮಾತಿಗೆ ಹುಬ್ಬು ಗಂಟಿಕ್ಕಿದ. ಆರಿಫ ಇನ್ನೂ ಅಲ್ಲೇ ನಿಂತಿದ್ದ. ಮಾಲಕ ಸಹಿ ಹಾಕಿದ.

ಏಳನೆಯ ದಿನ ಬೇರೆ ಕಾರು ಬಂತು. ಬುಡ್ಡೇಸಾಬ ಬೋಲ್ಟಿನ ಮೇಲಿನ ಕಂಪನಿಯ ಬಣ್ಣ ಒಡೆದಿಲ್ಲವೆಂದು ತೋರಿಸಿ ಕೀಲಿ ಕೊಟ್ಟ. ಕುಂಕುಮದ ತಟ್ಟೆ ತರುವ ಧೈರ್ಯ ಈ ಸಲ ಯಾರಿಗೂ ಆಗಲಿಲ್ಲ. ರಾಚವ್ವನ ಮಡಿಲಲ್ಲಿ ಭಂಡಾರದ ಚೀಲವಿತ್ತು. ಮಗಳು ಹೇಳಿದ್ದಕ್ಕೆ ತಂದಿದ್ದಳು, ಆದರೆ ಗಂಟು ಬಿಚ್ಚಲಿಲ್ಲ.

"ಬ್ಯಾಡವ್ವ. ನಮ್ಮದಲ್ಲಂತ ಗೊತ್ತಾತು ಖರೇ. ಆದ್ರೂ ಮನಸ್ಸು ಹಿಂಜರಿತೈತಿ," ಎಂದಳು.

ಮಹಾನಂದಾ ಒತ್ತಾಯ ಮಾಡಲಿಲ್ಲ. ಗಾಡಿಯನ್ನು ನೆಟ್ಟಗೆ ತಿಕೋಟಾದ ಮನೆಗೆ ಒಯ್ಯದೆ, ಊರು ದಾಟಿಸಿ ಬಬಲೇಶ್ವರದ ದಾರಿ ಹಿಡಿದಳು. ಹಳ್ಳ ಬಂತು, ಸೇತುವೆ ಬಂತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಏರುತ್ತಿತ್ತು. ಮಹಾನಂದಾ ಬೇಕೆಂದೇ ಅದರ ಹಿಂದೆ ನಿಧಾನ ಮಾಡಿ, ಏರಿನ ನಟ್ಟನಡುವೆ ಪೂರ್ತಿ ನಿಲ್ಲಿಸಿದಳು. ರಾಚವ್ವ ಕಣ್ಣು ಮುಚ್ಚಿಕೊಂಡಳು. ಮಗಳು ಆಕ್ಸಿಲರೇಟರ್ ಒತ್ತಿದಳು. ಗಾಡಿ ಕೂದಲೆಳೆಯಷ್ಟೂ ಹಿಂದೆ ಜಾರದೆ ಮುಂದಕ್ಕೆ ಹೊರಟಿತು. ಒಂದನೆಯ ಗೇರು, ಎರಡನೆಯದು, ಏರಿನ ತಲೆಯ ಮೇಲೆ ಮೂರನೆಯದು.

ಮೇಲೆ ಬಂದು ರಸ್ತೆಯ ಬದಿಗೆ ನಿಲ್ಲಿಸಿದಳು.

"ಕಣ್ಣು ತಗಿಯವ್ವ. ಹತ್ತಿದ್ವಿ."

ರಾಚವ್ವ ಕಣ್ಣು ತೆರೆದು ಹಿಂದೆ ತಿರುಗಿ ಹಳ್ಳವನ್ನು ನೋಡಿದಳು, ಸೇತುವೆಯನ್ನು ನೋಡಿದಳು. ಆಮೇಲೆ ಮಗಳ ಎಡಗಾಲನ್ನು ಒಮ್ಮೆ ಮೆಲ್ಲಗೆ ಸವರಿದಳು. ಚೀಲದ ಗಂಟು ಬಿಚ್ಚಿ, ಮೊದಲು ತನ್ನ ಹಣೆಗೆ ಹಚ್ಚಿಕೊಂಡಳು. ಎಂಟು ದಿನದ ಬಾಕಿ ತೀರಿಸುವವಳ ಹಾಗೆ ದಪ್ಪಗೆ ಹಚ್ಚಿಕೊಂಡು, ದೇವರ ಹೆಸರು ಹೇಳಿ, ಮುಷ್ಟಿ ತುಂಬ ಹಾರಿಸಿದಳು. ಗಾಜಿಗೆ, ಸೀಟಿಗೆ, ಹಿಡಿಕೆಗೆ, ಮಗಳ ತಲೆಗೆ. ಮಹಾನಂದಾಳ ಕಣ್ಣು ತುಂಬಿ ಬಂದಿತ್ತು. ಭಂಡಾರ ಕಣ್ಣಿಗೆ ಬಿತ್ತೆಂದು ತಾಯಿಗೆ ಸುಳ್ಳು ಹೇಳಿ, ಹಳದಿ ಮೆತ್ತಿದ ಕೈಯಿಂದಲೇ ಗೇರು ಹಾಕಿದಳು.